ಊರಿನ ನೆನಪಿನ ಕಾವಲು: ಸ್ಥಳೀಯ ವಸ್ತುಸಂಗ್ರಹಾಲಯದ ದಿನಚರಿ

ಮಹಾನಗರಗಳಲ್ಲಿ ನೆಲೆ ನಿಂತಿರುವ ನಮ್ಮ ಕನ್ನಡ ಕುಟುಂಬಗಳು ರಜಾದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ವಸ್ತುಸಂಗ್ರಹಾಲಯಗಳಿಗೆ ಭೇಟಿ ಕೊಡುವುದುಂಟು. ಗಾಜಿನ ಪೆಟ್ಟಿಗೆ, ಅದರೊಳಗೊಂದು ವಸ್ತು, ಕೆಳಗೆ ಎರಡು ಸಾಲಿನ ಬರಹ. ಇಷ್ಟನ್ನು ನೋಡಿ ನಾವು ಮುಂದಕ್ಕೆ ಹೋಗುತ್ತೇವೆ. ಆ ಎರಡು ಸಾಲು ಅಲ್ಲಿಗೆ ಬರಲು ಯಾರು ಏನು ಮಾಡಿದರು, ಆ ವಸ್ತು ನಾಳೆಯೂ ಹಾಗೆಯೇ ಇರಲು ಇಂದು ಯಾರು ಏನು ಮಾಡುತ್ತಿದ್ದಾರೆ ಎಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ. ಊರಿನ ಇತಿಹಾಸವನ್ನು ಕಾಯುವ ಇಂಥ ಸಂಸ್ಥೆಗಳಲ್ಲಿ ನಡೆಯುವ ನಿತ್ಯದ ಕೆಲಸವನ್ನು ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ. ಮುಂಬಯಿಯ ಬೈಕುಲಾದಲ್ಲಿರುವ ಡಾ. ಭಾವೂ ದಾಜಿ ಲಾಡ್ ವಸ್ತುಸಂಗ್ರಹಾಲಯವನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು, ಪುಣೆ, ಹೈದರಾಬಾದು, ದೆಹಲಿ ಮತ್ತು ಬೆಂಗಳೂರಿನ ಕೆಲವು ಸಂಗತಿಗಳನ್ನು ಅಗತ್ಯವಿರುವಲ್ಲಿ ಸೇರಿಸಿದ್ದೇವೆ.

ಸ್ಥಳೀಯ ವಸ್ತುಸಂಗ್ರಹಾಲಯವೆಂದರೆ ಒಂದು ಊರು ಅಥವಾ ಪ್ರದೇಶದ ಜನಜೀವನವನ್ನು ವಸ್ತುಗಳ ಮೂಲಕ ಹೇಳುವ ಸ್ಥಳ. ಅರಸರ ಕಿರೀಟ, ಖಡ್ಗಗಳಿಗಿಂತ ಇಲ್ಲಿ ಅಳತೆಯ ಪಾವು, ಅಂಗಡಿಯ ಫಲಕ, ನಕಾಶೆ, ಮದುವೆಯ ಕರೆಯೋಲೆ, ಅಡಕತ್ತರಿಗಳಿಗೆ ಹೆಚ್ಚಿನ ಸ್ಥಾನ. ಇವುಗಳಿಗೆ ಸ್ವಂತ ಬೆಲೆ ಕಡಿಮೆ. ಯಾರದು, ಎಲ್ಲಿಯದು, ಯಾವುದಕ್ಕೆ ಬಳಸಿದ್ದು ಎಂಬ ವಿವರ ಜೊತೆಗಿದ್ದರೆ ಮಾತ್ರ ಅವು ಇತಿಹಾಸವಾಗುತ್ತವೆ, ಇಲ್ಲವಾದರೆ ಗುಜರಿ. ಸಂಗ್ರಹಾಲಯದ ಸಿಬ್ಬಂದಿಯ ದಿನಚರಿಯೆಲ್ಲ ಈ ಒಂದು ಸಂಬಂಧವನ್ನು, ಎಂದರೆ ವಸ್ತುವಿಗೂ ಅದರ ವಿವರಕ್ಕೂ ಇರುವ ಗಂಟನ್ನು, ಬಿಚ್ಚಿಹೋಗದಂತೆ ಕಾಯುವುದೇ ಆಗಿದೆ.

ಬೈಕುಲಾದ ಹಳೆಯ ಕಟ್ಟಡ

ರಾಣಿಬಾಗ್ ಎಂದೇ ಜನ ಕರೆಯುವ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನದ ಆವರಣದಲ್ಲಿರುವ ಈ ಸಂಗ್ರಹಾಲಯವು ಮುಂಬಯಿಯ ಅತ್ಯಂತ ಹಳೆಯ ವಸ್ತುಸಂಗ್ರಹಾಲಯ. ಇದರ ಬಾಗಿಲು ಸಾರ್ವಜನಿಕರಿಗೆ ತೆರೆದದ್ದು 1872ರ ಮೇ 2ರಂದು. ಆಗ ಇದರ ಹೆಸರು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಆದರೆ ಸಂಗ್ರಹದ ಕತೆ ಅದಕ್ಕೂ ಹಿಂದಿನದು. 1850ರ ದಶಕದಲ್ಲಿಯೇ ಕೋಟೆ ಪ್ರದೇಶದ ಸೈನಿಕ ವಸತಿಯೊಂದರಲ್ಲಿ ಸಂಗ್ರಹವೊಂದು ಆರಂಭವಾಗಿತ್ತು. 1857ರ ಸಂಗ್ರಾಮದ ಸಮಯದಲ್ಲಿ ಆ ಕಟ್ಟಡವನ್ನು ಸೈನ್ಯದ ಬಳಕೆಗೆ ವಶಪಡಿಸಿಕೊಂಡಾಗ ಅಲ್ಲಿದ್ದ ವಸ್ತುಗಳು ಬಹುಪಾಲು ಹಾಳಾದವು. ಊರಿನ ನೆನಪನ್ನು ಕಾಯಬೇಕಾದ ಸಂಸ್ಥೆ ತನ್ನ ಮೊದಲ ನೆನಪನ್ನೇ ಹೀಗೆ ಕಳೆದುಕೊಂಡಿತು.

ಬಳಿಕ ಸಾರ್ವಜನಿಕರಿಂದ ವಂತಿಗೆ ಎತ್ತಿ ಹೊಸ ಕಟ್ಟಡ ಕಟ್ಟಿಸಲು ಮುಂದಾದವರಲ್ಲಿ ಜಾರ್ಜ್ ಬರ್ಡ್‌ವುಡ್, ಜಗನ್ನಾಥ ಶಂಕರಶೇಟ್ ಮತ್ತು ಡಾ. ಭಾವೂ ದಾಜಿ ಪ್ರಮುಖರು. ವೃತ್ತಿಯಿಂದ ವೈದ್ಯರಾಗಿದ್ದ ಭಾವೂ ದಾಜಿ ಅವರು ಪ್ರಾಚೀನ ಶಾಸನಗಳನ್ನು ಓದುವುದರಲ್ಲಿಯೂ ಪರಿಣತರಾಗಿದ್ದರು. 1874ರಲ್ಲಿ ಅವರು ನಿಧನರಾದರು. ಸುಮಾರು ಒಂದು ಶತಮಾನದ ನಂತರ, 1975ರಲ್ಲಿ, ಸಂಗ್ರಹಾಲಯಕ್ಕೆ ಅವರ ಹೆಸರನ್ನು ಇಡಲಾಯಿತು. ಕಾಲಕ್ರಮದಲ್ಲಿ ಶಿಥಿಲವಾಗಿದ್ದ ಕಟ್ಟಡದ ಪುನರುಜ್ಜೀವನಕ್ಕಾಗಿ 2003ರಲ್ಲಿ ಮುಂಬಯಿ ಮಹಾನಗರಪಾಲಿಕೆ, ಇಂಟ್ಯಾಕ್ ಮತ್ತು ಜಮ್ನಾಲಾಲ್ ಬಜಾಜ್ ಪ್ರತಿಷ್ಠಾನಗಳ ನಡುವೆ ಒಪ್ಪಂದವಾಯಿತು. 2005ರಲ್ಲಿ ಈ ಕಾರ್ಯಕ್ಕೆ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿ ದೊರೆಯಿತು. ಕೆಲಸ ಮುಗಿದು 2008ರಲ್ಲಿ ಸಂಗ್ರಹಾಲಯ ಮತ್ತೆ ತೆರೆಯಿತು.

ಸಂಗ್ರಹಾಲಯದ ಹೊರಗೆ ತೋಟದಲ್ಲಿ ನಿಂತಿರುವ ಕಲ್ಲಾನೆಯನ್ನು ಮುಂಬಯಿಯ ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ಘಾರಾಪುರಿ ದ್ವೀಪಕ್ಕೆ ಪೋರ್ಚುಗೀಸರಿಂದ ಎಲಿಫೆಂಟಾ ಎಂಬ ಹೆಸರು ಬಂದದ್ದು ಇದೇ ಆನೆಯಿಂದ. ತುಂಡುತುಂಡಾಗಿದ್ದ ಅದನ್ನು 1914ರಲ್ಲಿ ಮತ್ತೆ ಜೋಡಿಸಿ ನಿಲ್ಲಿಸಲಾಯಿತು. ಒಳಗೆ ನಗರದ ನಕಾಶೆಗಳು, ಛಾಯಾಚಿತ್ರಗಳು, ಹಡಗು ಮತ್ತು ಕಟ್ಟಡಗಳ ಮಾದರಿಗಳು, ಲೋಹ ಹಾಗೂ ದಂತದ ಕುಸುರಿ ಕೆಲಸಗಳು ಇವೆ. ಇವೆಲ್ಲಕ್ಕಿಂತ ಜನರನ್ನು ಹೆಚ್ಚು ಹೊತ್ತು ನಿಲ್ಲಿಸುವವು ಮಣ್ಣಿನ ಗೊಂಬೆಗಳು. ಮುಂಬಯಿಯ ಸಮುದಾಯಗಳು, ಅವರ ಕಸುಬುಗಳು, ತಲೆಯ ಪೇಟಗಳು, ಉಡುಗೆತೊಡುಗೆಗಳು ಗೊಂಬೆಗಳಾಗಿ ಅಲ್ಲಿ ನಿಂತಿವೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳವರಿಗೆ ಅವುಗಳ ಮುಂದೆ ನಿಂತಾಗ ಪರಿಚಿತರ ಮನೆಗೆ ಬಂದಂತೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಬಾಗಿಲು ತೆರೆಯುವ ಮುನ್ನ

ಯಾವುದೇ ವ್ಯವಸ್ಥಿತ ಸಂಗ್ರಹಾಲಯದಲ್ಲಿ ದಿನದ ಕೆಲಸವು ವೀಕ್ಷಕರು ಬರುವುದಕ್ಕೆ ಬಹಳ ಮೊದಲೇ ಆರಂಭವಾಗುತ್ತದೆ. ರಾತ್ರಿಯ ಕಾವಲಿನವರು ಕೀಲಿಗಳನ್ನು ಸಹಿ ಮಾಡಿ ಒಪ್ಪಿಸುತ್ತಾರೆ. ಪ್ರತಿ ಅಂಕಣದ ಪರಿಚಾರಕರು ತಮ್ಮ ಪಾಲಿನ ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡುತ್ತ ಒಂದು ಸುತ್ತು ಬರುತ್ತಾರೆ. ನಿನ್ನೆ ಇದ್ದದ್ದು ಇಂದೂ ಇದೆಯೇ, ಇದ್ದ ಜಾಗದಲ್ಲಿಯೇ ಇದೆಯೇ, ಗಾಜಿನೊಳಗೆ ಹೊಸದಾಗಿ ಪುಡಿ ಉದುರಿದೆಯೇ, ಮೇಲ್ಛಾವಣಿಯಲ್ಲಿ ಒದ್ದೆಯ ಗುರುತು ಕಾಣುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ. ಮರದ ವಸ್ತುವಿನ ಕೆಳಗೆ ಸಣ್ಣಗೆ ಹಿಟ್ಟಿನಂಥ ಪುಡಿ ಕಂಡರೆ ಒಳಗೆ ಹುಳು ಕೊರೆಯುತ್ತಿದೆ ಎಂದರ್ಥ. ಮಣ್ಣಿನ ಗೊಂಬೆಯ ಕಾಲಬುಡದಲ್ಲಿ ಬಣ್ಣದ ಸಿಪ್ಪೆ ಕಂಡರೆ ಗಾಳಿಯ ತೇವ ಏರಿಳಿದಿದೆ ಎಂದರ್ಥ. ಇಂಥ ಸೂಚನೆಗಳನ್ನು ಮೊದಲು ಕಾಣುವವರು ಪದವಿ ಪಡೆದ ತಜ್ಞರಲ್ಲ, ವರ್ಷಗಟ್ಟಲೆ ಅದೇ ಅಂಕಣದಲ್ಲಿ ನಿಂತಿರುವ ಪರಿಚಾರಕರು.

ಆಮೇಲೆ ಉಷ್ಣತೆ ಮತ್ತು ತೇವಾಂಶದ ಅಳತೆಗಳನ್ನು ಬರೆದುಕೊಳ್ಳುತ್ತಾರೆ. ಮೂಲೆಗಳಲ್ಲಿ ಇಟ್ಟ ಅಂಟಿನ ಹಾಳೆಗಳಲ್ಲಿ ಯಾವ ಹುಳು ಎಷ್ಟು ಸಿಕ್ಕಿವೆ ಎಂದು ಎಣಿಸಿ ದಾಖಲಿಸುತ್ತಾರೆ. ಕೇಳುವುದಕ್ಕೆ ಇದು ನೀರಸವೆನಿಸಬಹುದು. ಆದರೆ ತಿಂಗಳುಗಟ್ಟಲೆಯ ಈ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಯಾವ ಗೋಡೆ ನೀರು ಹೀರುತ್ತಿದೆ, ಯಾವ ಕಿಟಕಿಯಿಂದ ಕೀಟ ಬರುತ್ತಿದೆ ಎಂಬುದು ತಾನಾಗಿ ತಿಳಿಯುತ್ತದೆ.

ವಹಿಯೇ ಆಧಾರ

ಸಂಗ್ರಹಾಲಯದಲ್ಲಿ ಅತ್ಯಂತ ಬೆಲೆಬಾಳುವ ವಸ್ತು ಯಾವುದು ಎಂದು ಕೇಳಿದರೆ, ಆ ವೃತ್ತಿಯನ್ನು ಬಲ್ಲವರು ದಾಖಲಾತಿ ವಹಿಯ ಕಡೆಗೆ ಕೈ ತೋರಿಸುತ್ತಾರೆ. ಹೊಸದಾಗಿ ಒಂದು ವಸ್ತು ಬಂದಾಗ ಮೊದಲು ತಾತ್ಕಾಲಿಕ ರಸೀದಿ, ಬಳಿಕ ದಾನಪತ್ರ ಅಥವಾ ಖರೀದಿ ಪತ್ರ, ಆಮೇಲೆ ವಹಿಯಲ್ಲಿ ನಮೂದು. ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಸಿಗುತ್ತದೆ. ಅನೇಕ ಕಡೆ ಬಳಕೆಯಲ್ಲಿರುವ ಕ್ರಮದಂತೆ ಇದರಲ್ಲಿ ಮೂರು ಭಾಗಗಳಿರುತ್ತವೆ. ಉದಾಹರಣೆಗೆ 2008.14.3 ಎಂದರೆ 2008ನೆಯ ಇಸವಿಯಲ್ಲಿ ಬಂದ ಹದಿನಾಲ್ಕನೆಯ ಕಂತಿನ ಮೂರನೆಯ ವಸ್ತು. ಒಮ್ಮೆ ಕೊಟ್ಟ ಸಂಖ್ಯೆಯನ್ನು ಬೇರೊಂದು ವಸ್ತುವಿಗೆ ಎಂದಿಗೂ ಕೊಡುವುದಿಲ್ಲ. ವಸ್ತು ಕಳೆದುಹೋದರೂ ಸಂಖ್ಯೆ ಅದರ ಹೆಸರಿನಲ್ಲಿಯೇ ಉಳಿಯುತ್ತದೆ.

ಸಂಖ್ಯೆಯನ್ನು ಬರೆಯುವುದಕ್ಕೂ ಶಾಸ್ತ್ರವಿದೆ. ಲೋಹ, ಮಣ್ಣು, ಗಟ್ಟಿ ಮರಗಳ ಮೇಲೆ ಕಣ್ಣಿಗೆ ಬೀಳದ ಜಾಗದಲ್ಲಿ ಮೊದಲು ಪಾರದರ್ಶಕ ಮೆರುಗೆಣ್ಣೆಯ ಒಂದು ಪಟ್ಟಿ ಬಳಿದು, ಒಣಗಿದ ಮೇಲೆ ಅದರ ಮೇಲೆ ಶಾಯಿಯಿಂದ ಬರೆದು, ಮತ್ತೊಂದು ಲೇಪ ಕೊಡುತ್ತಾರೆ. ಬೇಕಾದಾಗ ದ್ರಾವಕದಿಂದ ತೆಗೆದರೆ ಮೂಲ ವಸ್ತುವಿಗೆ ಕಲೆಯಾಗುವುದಿಲ್ಲ. ಬಟ್ಟೆಗೆ ಹತ್ತಿಯ ಪಟ್ಟಿಯ ಮೇಲೆ ಬರೆದು ಅಂಚಿಗೆ ಎರಡು ಹೊಲಿಗೆ ಹಾಕುತ್ತಾರೆ. ಕಾಗದ ಮತ್ತು ಛಾಯಾಚಿತ್ರಗಳ ಹಿಂಬದಿಗೆ ಮೆತ್ತನೆಯ ಪೆನ್ಸಿಲ್ಲು ಮಾತ್ರ. ಇಲ್ಲಿ ಪಾಲಿಸುವ ಮೂಲಸೂತ್ರ ಒಂದೇ: ಇಂದು ಮಾಡಿದ್ದನ್ನು ನಾಳೆಯವರು ಹಿಂದಕ್ಕೆ ತೆಗೆಯಲು ಸಾಧ್ಯವಿರಬೇಕು.

ಇದಾದ ಮೇಲೆ ವಿವರದ ಹಾಳೆ. ಅಳತೆ, ತೂಕ, ಯಾವುದರಿಂದ ಮಾಡಿದ್ದು, ಎಲ್ಲಿ ಸೀಳಿದೆ, ಎಲ್ಲಿ ಜಖಂ ಆಗಿದೆ ಎಂಬುದರ ಚಿತ್ರಸಹಿತ ವರದಿ. ಜೊತೆಗೆ, ಕೊಟ್ಟವರು ಹೇಳಿದ ಮಾತು. ಈ ವಸ್ತುವನ್ನು ಬಳಸಿದವರು ಯಾರು, ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ, ಮನೆಮಾತಿನಲ್ಲಿ ಅದರ ಹೆಸರೇನು? ಈ ಕೊನೆಯ ಪ್ರಶ್ನೆಯನ್ನು ನಾವು ಲಘುವಾಗಿ ಕಾಣಬಾರದು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ನಂತರ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದು ಸೇರು, ಪಾವು, ಚಟಾಕುಗಳು ಅಂಗಡಿಯಿಂದ ಮರೆಯಾದವು. ಇಂದು ಹತ್ತು ವರ್ಷದ ಮಗುವಿಗೆ ಪಾವನ್ನು ತೋರಿಸಿದರೆ ಅದು ಪೆನ್ನು ಇಡುವ ಡಬ್ಬಿ. ಹೆಸರು ಹೋದರೆ ವಸ್ತುವಿನ ಅರ್ಧ ಹೋದಂತೆ.

ಈಚಿನ ವರ್ಷಗಳಲ್ಲಿ ವಹಿಗಳು ಗಣಕಯಂತ್ರಕ್ಕೆ ಏರಿವೆ. ಪುಣೆಯ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ‘ಜತನ್’ ಎಂಬ ತಂತ್ರಾಂಶವನ್ನು ದೇಶದ ಅನೇಕ ಸಂಗ್ರಹಾಲಯಗಳು ಅಳವಡಿಸಿಕೊಂಡಿವೆ. ಆದರೂ ಕೈಬರಹದ ವಹಿಯನ್ನು ಯಾರೂ ಎಸೆಯುವುದಿಲ್ಲ. ಅದರ ಅಂಚಿನಲ್ಲಿ ಹಳೆಯ ಅಧಿಕಾರಿ ಬರೆದಿಟ್ಟ ಒಂದು ಟಿಪ್ಪಣಿ ಎಷ್ಟೋ ವೇಳೆ ಮುದ್ರಿತ ಪುಸ್ತಕದಲ್ಲಿ ಸಿಗದ ಸುಳಿವನ್ನು ಕೊಡುತ್ತದೆ.

ಮಾತನಾಡುವ ಕಲ್ಲು, ಮಾತನಾಡದ ಪಾತ್ರೆ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವು 1865ರಲ್ಲಿ ಸ್ಥಾಪನೆಯಾದದ್ದು. ಅಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಹತ್ತನೆಯ ಶತಮಾನದ ಶಿಲಾಶಾಸನವಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ ತಕ್ಕೋಲದ ಯುದ್ಧವನ್ನು ಹೇಳುವ ಆ ಕಲ್ಲು, ಮಣಲೇರನೆಂಬ ವೀರನಿಗೆ ದೊರೆತ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಮಡಿದುದನ್ನೂ ಹೇಳುತ್ತದೆ. ನಾಯಿಯೊಂದರ ಹೆಸರು ಸಾವಿರ ವರ್ಷ ಉಳಿದದ್ದು ಕಲ್ಲು ಗಟ್ಟಿಯಾಗಿದ್ದುದರಿಂದ ಮಾತ್ರವಲ್ಲ, ಯಾರೋ ಅದನ್ನು ಬರೆಯಿಸಿದ್ದರಿಂದ. ಶಾಸನವು ತನ್ನ ವಿವರವನ್ನು ತಾನೇ ಹೊತ್ತು ನಿಂತಿರುತ್ತದೆ. ಅಂಥ ಭಾಗ್ಯ ಬೀಸುಕಲ್ಲಿಗೆ ಇಲ್ಲ, ಒರಳಿಗೆ ಇಲ್ಲ, ಹಿತ್ತಾಳೆಯ ಕೊಳಗಕ್ಕೆ ಇಲ್ಲ. ಅವುಗಳ ಪರವಾಗಿ ಮಾತನಾಡಬೇಕಾದದ್ದು ವಹಿ.

ನಮ್ಮ ಹಿರಿಯರು ಇದನ್ನು ತಮ್ಮದೇ ರೀತಿಯಲ್ಲಿ ಅರಿತಿದ್ದರು. ಮದುವೆ, ಗೃಹಪ್ರವೇಶಗಳಲ್ಲಿ ಕೊಡುವ ಪಾತ್ರೆಗಳ ಮೇಲೆ ಹೆಸರು, ತಾರೀಖು ಕೊರೆಸುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಇದೆ. ಯಾರು ಯಾರಿಗೆ ಯಾವಾಗ ಕೊಟ್ಟರು ಎಂಬ ಆ ಚುಕ್ಕೆಯ ಅಕ್ಷರಗಳು ಸಂಗ್ರಹಾಲಯದ ದಾಖಲೆಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ.

ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯವನ್ನು ಈ ದೃಷ್ಟಿಯಿಂದ ನಮ್ಮ ಓದುಗರು ಅವಶ್ಯವಾಗಿ ನೋಡಬೇಕು. ದಿನಕರ ಗಂಗಾಧರ ಕೇಳ್ಕರ್ ಅವರು ಸುಮಾರು 1920ರಿಂದ ಸಂಗ್ರಹಿಸುತ್ತ ಬಂದದ್ದು ದೀಪಗಳು, ಅಡಕತ್ತರಿಗಳು, ಅಡುಗೆಮನೆಯ ಪಾತ್ರೆಗಳು, ವಾದ್ಯಗಳು, ಬಾಗಿಲುವಾಡಗಳು. ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಮಗ ರಾಜನ ನೆನಪಿಗಾಗಿ ಅದಕ್ಕೆ ಅವನ ಹೆಸರಿಟ್ಟು, 1975ರಲ್ಲಿ ಇಡೀ ಸಂಗ್ರಹವನ್ನು ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಮನೆಮನೆಯ ಸಾಮಾನ್ಯ ವಸ್ತುಗಳೇ ಒಂದು ನಾಡಿನ ಇತಿಹಾಸವಾಗಬಲ್ಲವು ಎಂಬುದಕ್ಕೆ ಅದು ಉತ್ತಮ ಸಾಕ್ಷಿ.

ಮಳೆ, ಬೆಳಕು, ಹುಳು

ಕರಾವಳಿಯ ನಗರಗಳಲ್ಲಿ ಸಂಗ್ರಹಾಲಯದ ದೊಡ್ಡ ಪರೀಕ್ಷೆ ಮಳೆಗಾಲ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 65-70ನ್ನು ಮೀರಿ ಬಹಳ ದಿನ ನಿಂತರೆ ಬೂಷ್ಟು ಹಿಡಿಯಲು ತೊಡಗುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಅದು 80ನ್ನು ದಾಟುವುದು ಸಾಮಾನ್ಯ. 2005ರ ಜುಲೈ 26ರಂದು ನಗರದ ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾದುದನ್ನು ಮುಂಬಯಿಯ ನಮ್ಮ ಕುಟುಂಬಗಳು ಮರೆತಿರಲಾರವು. ಇಂಥ ನಗರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿಯೇ ಛಾವಣಿಯ ಹಂಚು, ನೀರಿನ ದೋಣಿ, ಚರಂಡಿಗಳನ್ನು ಸರಿಪಡಿಸುವುದು, ನೆಲದಿಂದ ಸಾಕಷ್ಟು ಎತ್ತರದಲ್ಲಿ ವಸ್ತುಗಳನ್ನು ಇಡುವುದು, ಪೆಟ್ಟಿಗೆಗಳಲ್ಲಿ ತೇವ ಹೀರುವ ಸಿಲಿಕಾ ಹರಳುಗಳನ್ನು ಬದಲಾಯಿಸುವುದು ದಿನಚರಿಯ ಭಾಗ.

ತೇವಕ್ಕಿಂತಲೂ ಕೇಡು ತೇವದ ಏರಿಳಿತ. ಹಗಲು ಹವಾನಿಯಂತ್ರಣ ನಡೆಸಿ ರಾತ್ರಿ ನಿಲ್ಲಿಸಿದರೆ ಮರ, ದಂತ, ಬಣ್ಣದ ಪದರಗಳು ದಿನವೂ ಹಿಗ್ಗಿ ಕುಗ್ಗಿ ಕೊನೆಗೆ ಬಿರಿಯುತ್ತವೆ. ಆದ್ದರಿಂದ ಯಂತ್ರವನ್ನು ಆಗಾಗ ಹಾಕಿ ತೆಗೆಯುವುದಕ್ಕಿಂತ, ದಪ್ಪ ಗೋಡೆಯ ಹಳೆಯ ಕಟ್ಟಡದಲ್ಲಿ ಗಾಳಿಯಾಡಲು ಬಿಡುವುದೇ ಕೆಲವು ವೇಳೆ ಮೇಲು ಎಂಬುದು ಅನುಭವಿಗಳ ಮತ.

ಬೆಳಕಿನ ಹಾನಿ ಕಣ್ಣಿಗೆ ಕಾಣದೆ ನಡೆಯುವಂಥದು. ಕಾಗದ, ಬಟ್ಟೆ, ಜಲವರ್ಣ ಚಿತ್ರಗಳಿಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂದು ಸಾಮಾನ್ಯ ನಿಯಮ. ಅಂಕಣವೇಕೆ ಇಷ್ಟು ಮಬ್ಬು ಎಂದು ನಾವು ಗೊಣಗುವಾಗ ಈ ಕಾರಣವನ್ನು ನೆನೆಯಬೇಕು. ಒಮ್ಮೆ ಮಾಸಿದ ಬಣ್ಣವನ್ನು ಯಾವ ತಜ್ಞರೂ ಮರಳಿ ತರಲಾರರು.

ಹುಳುಗಳ ವಿಷಯದಲ್ಲಿ ನಮ್ಮ ಹಿಂದಿನವರ ಕ್ರಮಗಳಿಗೂ ಇಲ್ಲಿ ಗೌರವವಿದೆ. ಬೇವಿನ ಎಲೆ ಮತ್ತು ಬಜೆಯ ಬೇರನ್ನು ಗ್ರಂಥಗಳ ಜೊತೆ ಇಡುವುದು, ತಾಳೆಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುವುದು ಇವೆಲ್ಲ ಪ್ರಯೋಜನಕ್ಕೆ ಬರುತ್ತವೆ. ಆಧುನಿಕ ವಿಧಾನದಲ್ಲಿ, ಹುಳು ಹಿಡಿದ ಬಟ್ಟೆ ಅಥವಾ ಪುಸ್ತಕವನ್ನು ಗಾಳಿ ಹೋಗದಂತೆ ಕಟ್ಟಿ ಶೂನ್ಯಕ್ಕಿಂತ 20 ಡಿಗ್ರಿಗೂ ಕೆಳಗಿನ ತಣ್ಣಗಿನಲ್ಲಿ ಒಂದೆರಡು ವಾರ ಇಟ್ಟು ಕೀಟ ಮತ್ತು ಮೊಟ್ಟೆಗಳನ್ನು ಕೊಲ್ಲುತ್ತಾರೆ. ಹೊಸದಾಗಿ ಬಂದ ವಸ್ತುವನ್ನು ನೇರವಾಗಿ ಒಳಗೆ ಬಿಡದೆ ಕೆಲವು ದಿನ ಪ್ರತ್ಯೇಕ ಕೋಣೆಯಲ್ಲಿ ಇಡುವ ಪದ್ಧತಿಯೂ ಇದೆ. ಇಂಥ ಸಂರಕ್ಷಣಾ ವಿಧಾನಗಳ ಸಂಶೋಧನೆಗಾಗಿಯೇ ಲಖನೌದಲ್ಲಿ ರಾಷ್ಟ್ರೀಯ ಪ್ರಯೋಗಾಲಯವೊಂದಿದ್ದು, ಅದರ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿರುವುದು ನಮಗೆ ಹೆಮ್ಮೆಯ ವಿಷಯ.

ಹೊಳಪು ಹೆಚ್ಚಿದಷ್ಟೂ ನಷ್ಟ

ಮನೆಯಲ್ಲಿ ಹಿತ್ತಾಳೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬಂಗಾರದಂತೆ ಹೊಳೆಯಿಸುವುದು ಗೃಹಿಣಿಯ ಶಿಸ್ತಿನ ಗುರುತು. ಸಂಗ್ರಹಾಲಯದಲ್ಲಿ ಇದು ನಿಷಿದ್ಧ. ಹುಣಿಸೆಯ ಆಮ್ಲವು ಪ್ರತಿ ಸಲವೂ ಲೋಹದ ತೆಳು ಪದರವನ್ನು ಕರಗಿಸುತ್ತದೆ. ಅದರೊಂದಿಗೆ ಕೊರೆದ ಅಕ್ಷರಗಳೂ ಸವೆಯುತ್ತವೆ. ಅಜ್ಜಿಯ ಕೊಳಗದ ಮೇಲಿನ ಹೆಸರು ಅಳಿಸಿಹೋದದ್ದು ಕಾಲದಿಂದಲ್ಲ, ನಮ್ಮ ತಿಕ್ಕುವಿಕೆಯಿಂದ. ಸಂಗ್ರಹಾಲಯದವರು ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಕೈಗವಸು ಹಾಕಿಕೊಂಡು ಎತ್ತಿ, ಅಗತ್ಯವಿದ್ದಾಗ ಮಾತ್ರ ತಜ್ಞರಿಂದ ಶುಚಿ ಮಾಡಿಸುತ್ತಾರೆ.

ಬೀದರಿನ ಬಿದರಿ ಕಲೆ ಇದಕ್ಕೊಂದು ಒಳ್ಳೆಯ ಉದಾಹರಣೆ. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯ ಎಳೆಗಳನ್ನು ಕೂರಿಸಿ, ಬೀದರ ಕೋಟೆಯ ಮಣ್ಣು ಸೇರಿದ ಲೇಪದಿಂದ ನೆಲವನ್ನು ಕಪ್ಪಾಗಿಸುತ್ತಾರೆ. ಆ ಕಪ್ಪೇ ಅದರ ಪ್ರಾಣ. ಕೊಳೆಯೆಂದು ಭಾವಿಸಿ ಪಾಲಿಶ್ ಹಾಕಿ ಉಜ್ಜಿದರೆ ಕಲಾಕೃತಿ ನಾಶವಾದಂತೆ. ಹೈದರಾಬಾದಿನ ನಮ್ಮ ಓದುಗರು ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಬಿದರಿ ಅಂಕಣದಲ್ಲಿ ಆ ಕಪ್ಪನ್ನು ಹೇಗೆ ಕಾಪಾಡಿದ್ದಾರೆಂದು ಗಮನಿಸಬಹುದು.

ಜನರ ನಡುವೆ

ಬಾಗಿಲು ತೆರೆದ ಮೇಲೆ ದಿನವು ಜನರದು. ಬೆಳಗಿನ ಹೊತ್ತು ಶಾಲಾ ಮಕ್ಕಳ ತಂಡಗಳು, ಮಧ್ಯಾಹ್ನ ಪ್ರವಾಸಿಗರು, ಸಂಜೆ ಉದ್ಯಾನಕ್ಕೆ ಬಂದವರು. ಗಾಜಿಗೆ ಮೂಗೊತ್ತಿ ನಿಲ್ಲುವ ಮಗುವನ್ನು ಗದರಿಸದೆ ಹಿಂದಕ್ಕೆ ಸರಿಸುವುದು, ಒಂದೇ ಪ್ರಶ್ನೆಗೆ ದಿನಕ್ಕೆ ಐವತ್ತು ಸಲ ಸಹನೆಯಿಂದ ಉತ್ತರಿಸುವುದು ಸಣ್ಣ ಕೆಲಸವಲ್ಲ. ಎಷ್ಟೋ ಸಲ ಉತ್ತರವು ವೀಕ್ಷಕರಿಂದಲೇ ಬರುತ್ತದೆ. ಗೊಂಬೆಯ ಕೈಯಲ್ಲಿರುವ ಉಪಕರಣವನ್ನು ಕಂಡು ವೃದ್ಧರೊಬ್ಬರು ಇದನ್ನು ನಮ್ಮ ಕಡೆ ಹೀಗೆ ಹಿಡಿಯುತ್ತಿದ್ದರು ಎಂದರೆ, ಜಾಣ ಅಧಿಕಾರಿ ಅದನ್ನು ಕೂಡಲೇ ಬರೆದುಕೊಳ್ಳುತ್ತಾರೆ. ಲೇಬಲ್ಲಿನ ಎರಡು ಸಾಲಿನ ಹಿಂದೆ ಇಂಥ ಅನೇಕ ಅಪರಿಚಿತರ ಮಾತುಗಳಿರುತ್ತವೆ.

ವಾರದ ರಜೆಯೆಂಬುದು ಇಲ್ಲಿ ವೀಕ್ಷಕರಿಗೆ ಮಾತ್ರ. ಬೈಕುಲಾದಲ್ಲಿ ಬುಧವಾರ, ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಸೋಮವಾರ, ಚೆನ್ನೈನ ಎಗ್ಮೋರ್ ಮತ್ತು ಹೈದರಾಬಾದಿನ ಸಾಲಾರ್ ಜಂಗ್‌ನಲ್ಲಿ ಶುಕ್ರವಾರ ಬಾಗಿಲು ಮುಚ್ಚಿರುತ್ತದೆ. ಪೆಟ್ಟಿಗೆಗಳನ್ನು ತೆರೆದು ಶುಚಿಗೊಳಿಸುವುದು, ದೀಪ ಬದಲಾಯಿಸುವುದು, ವಸ್ತುಗಳನ್ನು ವಹಿಯೊಡನೆ ತಾಳೆ ನೋಡುವುದು ಇಂಥ ದಿನಗಳಲ್ಲಿಯೇ.

ಕಾವಲಿನ ಅಗತ್ಯವನ್ನು ಈಚಿನ ಎರಡು ಘಟನೆಗಳು ತೋರಿಸಿವೆ. 2016ರ ಏಪ್ರಿಲ್ 26ರಂದು ದೆಹಲಿಯ ರಾಷ್ಟ್ರೀಯ ನಿಸರ್ಗ ಇತಿಹಾಸ ಸಂಗ್ರಹಾಲಯವು ಬೆಂಕಿಗೆ ಆಹುತಿಯಾಯಿತು. 2018ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಪುರಾನಿ ಹವೇಲಿಯ ನಿಜಾಮ್ ಸಂಗ್ರಹಾಲಯದಿಂದ ಚಿನ್ನದ ಊಟದ ಡಬ್ಬಿ, ಬಟ್ಟಲು ಮುಂತಾದವು ಕಳುವಾಗಿ, ಅದೇ ತಿಂಗಳಲ್ಲಿ ಪೊಲೀಸರಿಂದ ಪತ್ತೆಯಾದವು. ಕಳುವಾದದ್ದು ಮರಳಿ ಸಿಕ್ಕಾಗ ಅದು ತನ್ನದೆಂದು ಸಂಸ್ಥೆ ಹೇಳಬೇಕಾದರೆ ಛಾಯಾಚಿತ್ರ ಮತ್ತು ವಿವರದ ಹಾಳೆ ಬೇಕು. ಸುಟ್ಟುಹೋದದ್ದು ಮರಳಿ ಸಿಗುವುದೇ ಇಲ್ಲ, ದಾಖಲೆಯ ಪ್ರತಿ ಬೇರೊಂದು ಕಟ್ಟಡದಲ್ಲಿದ್ದರೆ ನೆನಪಾದರೂ ಉಳಿಯುತ್ತದೆ.

ಈ ವೃತ್ತಿಗೆ ಬರಬಯಸುವ ಯುವಕ ಯುವತಿಯರಿಗೆ ವ್ಯವಸ್ಥಿತ ಶಿಕ್ಷಣವೂ ಇದೆ. ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1952ರಿಂದಲೇ ವಸ್ತುಸಂಗ್ರಹಾಲಯ ಶಾಸ್ತ್ರದ ವಿಭಾಗವಿದೆ. ಇತಿಹಾಸದಷ್ಟೇ ರಸಾಯನಶಾಸ್ತ್ರ, ಛಾಯಾಗ್ರಹಣ, ಬಡಗಿ ಕೆಲಸದ ತಿಳಿವಳಿಕೆಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ನಮ್ಮ ಮನೆಗಳಲ್ಲಿ ಮಾಡಬೇಕಾದದ್ದು

ಮೂರು ನಾಲ್ಕು ತಲೆಮಾರುಗಳ ಹಿಂದೆ ಊರು ಬಿಟ್ಟು ಬಂದ ನಮ್ಮವರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದರು. ಮಾಟುಂಗದ ಉಡುಪಿ ಉಪಾಹಾರಗೃಹಗಳು, ಕನ್ನಡ ರಾತ್ರಿ ಶಾಲೆಗಳು, ಸಂಘಗಳ ನಾಟಕಗಳು ಮುಂಬಯಿಯ ಇತಿಹಾಸದ ಭಾಗವೇ ಹೌದು. ಅವುಗಳ ಹಾಜರಿ ಪುಸ್ತಕ, ತಿಂಡಿಯ ದರಪಟ್ಟಿ, ನಾಟಕದ ಕರಪತ್ರ, ಸಭೆಯ ನಡಾವಳಿ, ಊರಿಗೆ ಕಳಿಸಿದ ಮನಿಯಾರ್ಡರಿನ ರಸೀದಿ ನಮ್ಮ ಅಟ್ಟಗಳಲ್ಲಿಯೂ ಟ್ರಂಕುಗಳಲ್ಲಿಯೂ ಇವೆ. ಮನೆ ಬದಲಾಯಿಸುವಾಗ, ಹಳೆಯ ಚಾಳು ಕೆಡವಿ ಗೋಪುರದಂಥ ಕಟ್ಟಡ ಏಳುವಾಗ ಇವು ಮೊದಲು ರದ್ದಿಗೆ ಹೋಗುತ್ತವೆ. ಅವುಗಳ ಕತೆ ಬಲ್ಲ ಹಿರಿಯರೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆದ್ದರಿಂದ ಸಂಗ್ರಹಾಲಯಗಳ ಅನುಭವದಿಂದ ನಾವು ಮನೆಯಲ್ಲಿಯೇ ಪಾಲಿಸಬಹುದಾದ ಕೆಲವು ಕ್ರಮಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಮೊದಲನೆಯದಾಗಿ, ಹಳೆಯ ಛಾಯಾಚಿತ್ರದಲ್ಲಿರುವವರ ಹೆಸರು, ಊರು, ಇಸವಿಗಳನ್ನು ಹಿರಿಯರಿಂದ ಕೇಳಿ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಬರೆಯಿರಿ. ಬಾಲ್‌ಪೆನ್ನು ಬೇಡ. ಎರಡನೆಯದಾಗಿ, ಅಂಟುವ ಪುಟಗಳ ಆಲ್ಬಮ್ಮು, ಲ್ಯಾಮಿನೇಷನ್ನು, ಸೆಲ್ಲೋಟೇಪು ಇವು ಮೂರನ್ನೂ ದೂರವಿಡಿ. ಮೂರನೆಯದಾಗಿ, ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಕಾಗದಪತ್ರಗಳನ್ನು ಇಡಬೇಡಿ, ಮಳೆ ನಿಂತ ಮೇಲೆ ಒಮ್ಮೆ ನೆರಳಿನಲ್ಲಿ ಗಾಳಿಗೆ ಹರಡಿರಿ. ನಾಲ್ಕನೆಯದಾಗಿ, ಒಂದು ನೋಟುಪುಸ್ತಕ ಮಾಡಿ ವಸ್ತುಗಳಿಗೆ ಸಂಖ್ಯೆ ಕೊಟ್ಟು, ಯಾರದು, ಎಲ್ಲಿಂದ ಬಂದದ್ದು, ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಬರೆಯಿರಿ. ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಓದಲು ಕಷ್ಟವಾಗುವುದರಿಂದ, ಅವರ ಕೈಯಿಂದಲೇ ಇದನ್ನು ಬರೆಯಿಸಿದರೆ ಭಾಷೆಯೂ ಉಳಿದೀತು.

ವಸ್ತುವನ್ನು ಸಂಗ್ರಹಾಲಯಕ್ಕೆ ಕೊಡಬೇಕೆನಿಸಿದರೆ ಕೆಲವು ಸಂಗತಿಗಳು ತಿಳಿದಿರಲಿ. ಕೊಟ್ಟದ್ದನ್ನೆಲ್ಲ ಸ್ವೀಕರಿಸುವುದು ಅವರಿಗೆ ಸಾಧ್ಯವಿಲ್ಲ. ಸ್ವೀಕರಿಸಿದ್ದನ್ನೆಲ್ಲ ಪ್ರದರ್ಶನಕ್ಕೆ ಇಡುವುದೂ ಇಲ್ಲ, ಹೆಚ್ಚಿನ ಸಂಗ್ರಹ ಉಗ್ರಾಣದಲ್ಲಿಯೇ ಇರುತ್ತದೆ. ಆದ್ದರಿಂದ ಷರತ್ತುಗಳಿಲ್ಲದ ದಾನಪತ್ರವನ್ನು ಕೇಳುತ್ತಾರೆ. ಕತೆ ಮತ್ತು ಕಾಗದ ಜೊತೆಗಿರುವ ವಸ್ತುವಿಗೆ ಮೊದಲ ಆದ್ಯತೆ. 1972ರ ಪ್ರಾಚೀನ ವಸ್ತುಗಳ ಕಾಯಿದೆಯಂತೆ ನೂರು ವರ್ಷಕ್ಕೂ ಹಳೆಯ ವಸ್ತುಗಳು, ಎಪ್ಪತ್ತೈದು ವರ್ಷಕ್ಕೂ ಹಳೆಯ ಮಹತ್ವದ ಹಸ್ತಪ್ರತಿಗಳು ಪ್ರಾಚೀನ ವಸ್ತುಗಳೆನಿಸುತ್ತವೆ. ಖಾಸಗಿಯವರು ಅವುಗಳನ್ನು ಹೊರದೇಶಕ್ಕೆ ಒಯ್ಯುವಂತಿಲ್ಲ. ಶಿಲ್ಪ, ವರ್ಣಚಿತ್ರ ಮುಂತಾದ ಕೆಲವು ಬಗೆಗಳನ್ನು ನೋಂದಾಯಿಸಬೇಕು. ವಿದೇಶದಲ್ಲಿರುವ ಮಕ್ಕಳಿಗೆ ಮನೆಯ ಹಳೆಯ ವಿಗ್ರಹವನ್ನು ಕಳಿಸಬಯಸುವವರು ಇದನ್ನು ಗಮನಿಸಬೇಕು.

ಪ್ರತಿವರ್ಷ ಮೇ 18ರಂದು ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನವನ್ನು ಆಚರಿಸಲಾಗುತ್ತದೆ. ಶಾಲೆಗಳಿಗೆ ಬೇಸಿಗೆ ರಜೆಯಿರುವ ಸಮಯವದು. ಆ ದಿನ ಮಕ್ಕಳೊಡನೆ ತಮ್ಮ ಊರಿನ ಸಂಗ್ರಹಾಲಯಕ್ಕೆ ಹೋಗಿ, ಅಂಕಣದ ಮೂಲೆಯಲ್ಲಿ ನಿಂತಿರುವ ಪರಿಚಾರಕರನ್ನು ಮಾತನಾಡಿಸಿ, ಅವರು ಕಾಯುತ್ತಿರುವ ವಸ್ತುವಿನ ಬಗ್ಗೆ ಒಂದು ಪ್ರಶ್ನೆ ಕೇಳಿರಿ ಎಂದು ನಮ್ಮ ಓದುಗರಲ್ಲಿ ವಿನಂತಿ. ಮನೆಗೆ ಬಂದು ಅಜ್ಜಿಯ ಕೊಳಗವನ್ನು ತಿರುಗಿಸಿ ನೋಡಿರಿ. ಅಕ್ಷರ ಇನ್ನೂ ಓದಲು ಬರುವಂತಿದ್ದರೆ ಇಂದೇ ಬರೆದುಕೊಳ್ಳಿರಿ.